ಕುಳ್ಳರ ಪಾರ್ಟಿ ನಂದು

ನನ್ನ ಎತ್ತರ ಐದಡಿ ಮೂರಿಂಚು. ಆಲ್ದೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವುದು. ಆಳುಗಳು ಎದುರಿಗೆ "ರೈಟ್ರೇ" ಅನ್ನುತ್ತಾರೆ, ಬೆನ್ನ ಹಿಂದೆ "ಕುಳ್ಳ ರೈಟ್ರು" ಅನ್ನುತ್ತಾರೆ. ನನಗೇನೂ ಬೇಜಾರಿಲ್ಲ. ಆದರೆ ಬಾಕ್ಸಿಂಗ್‌ನಲ್ಲಿ ನಾನು ಯಾರ ಕಡೆ ಅಂತ ಕೇಳುವುದೇ ಬೇಡ. ಇಬ್ಬರು ರಿಂಗಿಗೆ ಇಳಿದರೆ ಮೊದಲು ನೋಡುವುದು ಗಿಡ್ಡ ಯಾರು ಅಂತ. ಅವನೇ ನನ್ನವನು.

ಅಮೆರಿಕದ ಶನಿವಾರ ರಾತ್ರಿಯ ಫೈಟು ನಮಗೆ ಭಾನುವಾರ ಬೆಳಿಗ್ಗೆ. ಕಡುಬು, ಚಟ್ನಿ ತಟ್ಟೆಗೆ ಬರುವ ಹೊತ್ತಿಗೆ ಅಲ್ಲಿ ಗಂಟೆ ಹೊಡೆಯುತ್ತದೆ. ಮಳೆಗಾಲದಲ್ಲಿ ಮಾತ್ರ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಮೊಬೈಲಿಗೆ ಇಳಿಸಿಟ್ಟುಕೊಂಡ ಹಳೇ ಫೈಟುಗಳೇ ಗತಿ. ಅಮೆರಿಕದ ಹಳೇ ಹೆವಿವೇಟ್ ಚಾಂಪಿಯನ್ ಜೋ ಫ್ರೇಜಿಯರ್ ತಲೆಗೆ ಹತ್ತಿದ್ದು ಹಾಗೆ.

ಉದ್ದ ಕೈಯವನಿಗೆ ಜ್ಯಾಬ್ ಇರುತ್ತದೆ, ಅಂದರೆ ಮುಂದಿನ ಕೈ ನೇರಕ್ಕೆ ಚಾಚಿ ಕೊಡುವ ಏಟು. ದೂರ ನಿಂತೇ ಮುಖಕ್ಕೆ ತಟ್ಟುತ್ತಾ ಕಾಲ ಕಳೆಯಬಹುದು. ಗಿಡ್ಡನಿಗೆ ಆ ಸವಲತ್ತು ಇಲ್ಲ. ಏಟು ತಪ್ಪಿಸಿಕೊಂಡು ಒಳಗೆ ನುಗ್ಗಲೇಬೇಕು. ಆ ಎರಡು ಹೆಜ್ಜೆ ಹೇಗೆ ದಾಟುತ್ತಾನೆ ಅನ್ನುವುದರಲ್ಲೇ ಅವನ ಆಟವೆಲ್ಲ ಇದೆ.

ಫ್ರೇಜಿಯರ್ ಸುಮಾರು ಆರಡಿ ಆಳು. ಆದರೆ ಆರಡಿ ಮೂರಿಂಚಿನ ಮೊಹಮ್ಮದ್ ಅಲಿ ಎದುರು ಕುಳ್ಳನೇ ಅಲ್ವಾ? 1971ರ ಮಾರ್ಚ್ 8, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಇಡೀ ಫೈಟಿನಲ್ಲಿ ಫ್ರೇಜಿಯರ್ ತಲೆ ಒಂದು ಕಡೆ ನಿಲ್ಲುವುದಿಲ್ಲ. ಸೊಂಟದಿಂದ ಬಗ್ಗುತ್ತಾನೆ, ಏಳುತ್ತಾನೆ, ಮತ್ತೆ ಬಗ್ಗುತ್ತಾನೆ, ಮುಂದಕ್ಕೇ ಬರುತ್ತಾನೆ. ಜ್ಯಾಬ್ ತಿನ್ನುವುದಿಲ್ಲ ಅಂತಲ್ಲ, ಬೇಕಾದಷ್ಟು ತಿನ್ನುತ್ತಾನೆ. ಹದಿನೈದನೇ ರೌಂಡಿನಲ್ಲಿ ಅಲಿ ಬಲಗೈ ಅಪ್ಪರ್‌ಕಟ್‌ಗೆ, ಅಂದರೆ ಕೆಳಗಿನಿಂದ ಮೇಲಕ್ಕೆ ಗುದ್ದಲು, ಕೈ ಇಳಿಸಿದ. ಅಷ್ಟೇ. ಕೆಳಗಿನಿಂದ ಎದ್ದ ಫ್ರೇಜಿಯರ್‌ನ ಎಡಗೈ ಹುಕ್, ಕೈ ಮಡಚಿ ಪಕ್ಕದಿಂದ ಬೀಸುವ ಏಟು, ದವಡೆಗೆ ಬಿತ್ತು. ಅಲಿ ಅಂಗಾತ ಬಿದ್ದ, ಶೂಗೆ ಕಟ್ಟಿದ್ದ ಕೆಂಪು ಕುಚ್ಚು ಗಾಳಿಯಲ್ಲಿ ಹಾರಿತು. ಅಲಿ ತಕ್ಷಣ ಎದ್ದು ನಿಂತ, ಅದೂ ಒಂದು ಪವಾಡವೇ. ರೆಫರಿ, ಇಬ್ಬರು ತೀರ್ಪುಗಾರರು, ಮೂವರೂ ಫ್ರೇಜಿಯರ್ ಗೆದ್ದ ಅಂದರು.

ಆ ಎಡಗೈಗೆ ಒಂದು ಕಥೆ ಇದೆ. ಹುಡುಗನಾಗಿದ್ದಾಗ ಹಂದಿ ಅಟ್ಟಿಸಿಕೊಂಡು ಬಂದು, ಓಡುವಾಗ ಬಿದ್ದು ಕೈಗೆ ಪೆಟ್ಟಾಯಿತಂತೆ. ಸರಿಯಾಗಿ ಕೂಡಿಕೊಳ್ಳದೆ ಆಮೇಲೆ ಪೂರ್ತಿ ನೆಟ್ಟಗಾಗಲೇ ಇಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ಹುಕ್‌ಗೆ ಹೇಗೂ ಮಡಚಿದ ಕೈಯೇ ಬೇಕು. ನಮ್ಮ ತೋಟದಲ್ಲೂ ಹಂದಿ ಅಟ್ಟಿಸಿಕೊಂಡು ಬರುತ್ತವೆ, ಯಾರೂ ಚಾಂಪಿಯನ್ ಆಗಿಲ್ಲ ಬಿಡಿ.

ಇದೇ ಫ್ರೇಜಿಯರ್‌ನನ್ನು 1973ರಲ್ಲಿ ಜಮೈಕಾದಲ್ಲಿ ಜಾರ್ಜ್ ಫೋರ್‌ಮನ್ ಎರಡೇ ರೌಂಡಿನಲ್ಲಿ ಆರು ಸಲ ಕೆಡವಿದ. ಅದನ್ನೂ ನೋಡಬೇಕು, ಹೊಟ್ಟೆ ಉರಿದರೂ. ಬಗ್ಗಿ ಬರುವವನ ಭುಜ ಹಿಡಿದು ದೂಡುವುದು, ತಲೆ ಮತ್ತೆ ಬಗ್ಗಿದ ಕೂಡಲೇ ಕೆಳಗಿನಿಂದ ಅಪ್ಪರ್‌ಕಟ್. ನೇರಕ್ಕೆ ನುಗ್ಗುವ ಕುಳ್ಳನಿಗೆ ಇದೇ ಯಮ.

ಅದಕ್ಕೇ ಮೈಕ್ ಟೈಸನ್. ಬರೀ ಜೋರು ಅಂತ ಎಲ್ಲರೂ ಹೊಗಳುತ್ತಾರೆ, ನನಗೆ ಅವನ ಕಾಲು ಇಷ್ಟ. ಐದಡಿ ಹತ್ತಿಂಚು. ಗುರು ಕಸ್ ಡಿಅಮಾಟೊ ಕಲಿಸಿದ್ದು ಪೀಕಾಬೂ: ಎರಡೂ ಗ್ಲೌಸು ಕೆನ್ನೆಗೆ, ಮೊಣಕೈ ಪಕ್ಕೆಗೆ, ತಲೆ ಅತ್ತ ಇತ್ತ. ಏಟು ತಪ್ಪಿಸಿಕೊಂಡ ಮೇಲೆ ಟೈಸನ್ ಎದುರಾಳಿಯ ಮುಂದೆ ನಿಲ್ಲುವುದಿಲ್ಲ, ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟಿರುತ್ತಾನೆ. ಅಲ್ಲಿಂದ ಬಲಗೈ ಪಕ್ಕೆಗೆ ಒಂದು, ಅದೇ ಬಲಗೈ ಗದ್ದಕ್ಕೆ ಇನ್ನೊಂದು. ಮೊದಲನೆಯದಕ್ಕೆ ಮೊಣಕೈ ಇಳಿಯುತ್ತದೆ, ಎರಡನೆಯದಕ್ಕೆ ದಾರಿ ಆಗುತ್ತದೆ. 1986ರ ನವೆಂಬರ್‌ನಲ್ಲಿ ಟ್ರೆವರ್ ಬರ್ಬಿಕ್‌ನನ್ನು ಎರಡನೇ ರೌಂಡಿನಲ್ಲಿ ಕೆಡವಿ ಇಪ್ಪತ್ತನೇ ವಯಸ್ಸಿಗೆ ಹೆವಿವೇಟ್ ಚಾಂಪಿಯನ್ ಆದ. ಅದೇ ವರ್ಷ ಜುಲೈನಲ್ಲಿ ಫ್ರೇಜಿಯರ್ ಮಗ ಮಾರ್ವಿಸ್‌ನನ್ನು 30 ಸೆಕೆಂಡಿನಲ್ಲಿ ಮಲಗಿಸಿದ್ದ. ನನಗೆ ಯಾರ ಕಡೆ ಕೂರಬೇಕು ಅಂತಲೇ ಗೊತ್ತಾಗುವುದಿಲ್ಲ ಅದನ್ನು ನೋಡುವಾಗ.

ಫಿಲಿಪ್ಪೀನ್ಸಿನ ಕುಳ್ಳ ಮ್ಯಾನಿ ಪಾಕಿಯಾವೊ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರಿಗೂ ಗೊತ್ತು. 2010ರಲ್ಲಿ ಐದಡಿ ಹನ್ನೊಂದಿಂಚಿನ ಮಾರ್ಗರಿಟೊನ ಸುತ್ತ ಜೇನುಹುಳದ ಹಾಗೆ ತಿರುಗಿ ಮುಖ ಊದಿಸಿದ್ದನ್ನು ನೋಡಿ, ಸಾಕು.

ಮೇರಿ ಕೋಮ್ ಅವರ ಲಂಡನ್ 2012 ಮಾತ್ರ ಬಿಡುವ ಹಾಗಿಲ್ಲ. ಅದುವರೆಗೆ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿದ್ದೆಲ್ಲ 45ರಿಂದ 48 ಕೆಜಿಯಲ್ಲಿ. ಒಲಿಂಪಿಕ್ಸ್‌ನಲ್ಲಿ ಅತಿ ಕಡಿಮೆ ತೂಕವೇ 51. ಎದುರಿಗೆ ಬಂದವರೆಲ್ಲ ದಪ್ಪ, ಉದ್ದ. ದೂರ ನಿಂತು ಕಾಯುವುದು, ಚಕ್ಕನೆ ಒಳಗೆ ಬಂದು ಎರಡು ಮೂರು ಕೊಡುವುದು, ತಿರುಗಿ ಏಟು ಬರುವ ಮೊದಲೇ ಜಾಗ ಖಾಲಿ. ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ನಿಕೋಲಾ ಆಡಮ್ಸ್ ಎದುರು 11–6ರಲ್ಲಿ ಸೋತರು, ಕಂಚು ಬಂತು. ನನ್ನ ಲೆಕ್ಕದಲ್ಲಿ ಅದರ ತೂಕ ಬೇರೆ.

ಹಾಸನದಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಳಿಯ ಆರಡಿ ಇದ್ದಾನೆ. ಅವನದು ಟೈಸನ್ ಫ್ಯೂರಿ ಪಾರ್ಟಿ, ಆರಡಿ ಒಂಬತ್ತಿಂಚಿನ ದೈತ್ಯ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಉಕ್ರೇನಿನ ಉಸಿಕ್ ಜೊತೆ ಫೈಟು. ನಾನು ಉಸಿಕ್ ಕಡೆ ಅಂದೆ.

"ಮಾವ, ಆರಡಿ ಮೂರಿಂಚಿನವನನ್ನು ಕುಳ್ಳ ಅಂತೀರಲ್ಲ!"

"ಪಕ್ಕ ಯಾರು ನಿಂತಿದ್ದಾರೆ ನೋಡೋ."

ಒಂಬತ್ತನೇ ರೌಂಡಿನಲ್ಲಿ ಉಸಿಕ್ ಎಡಗೈ ಬಿದ್ದು ಫ್ಯೂರಿ ಹಗ್ಗಕ್ಕೆ ಆತು ಮೂಲೆ ಮೂಲೆ ತೂರಾಡಿದ. ಬಿದ್ದ ಲೆಕ್ಕ ಅಂತ ರೆಫರಿ ಎಣಿಸಿದರು. ಇಬ್ಬರು ತೀರ್ಪುಗಾರರು ಉಸಿಕ್‌ಗೆ ಕೊಟ್ಟರು, ಒಬ್ಬರು ಫ್ಯೂರಿಗೆ. ಅಳಿಯ ಆ ಒಬ್ಬರನ್ನೇ ಹಿಡಿದುಕೊಂಡು ಆರೇಳು ತಿಂಗಳು ವಾದ ಮಾಡಿದ. ಡಿಸೆಂಬರ್‌ನಲ್ಲಿ ಮರುಪಂದ್ಯ ನಡೆದು ಮೂವರೂ ಉಸಿಕ್ ಅಂದ ಮೇಲೆ ಫೋನು ಮಾಡಿದೆ. ಎತ್ತಲಿಲ್ಲ.