ನಿಂಬೆಹಣ್ಣು ಉರುಳಿದ ನೆಲ: ವೆನಿಸ್‌ನ ಬಾಡಿಗೆ ಮಹಲಿನಲ್ಲಿ ನಾಲ್ಕು ದಿನ

ವೆನಿಸ್‌ನ ಆ ಮನೆಯನ್ನು ನಾವು ಆರಿಸಿಕೊಂಡದ್ದು ಅದರ ಅಡುಗೆಮನೆಗಾಗಿ. ಅಮ್ಮನಿಗೆ ಎಪ್ಪತ್ತು ತುಂಬಿದ ವರ್ಷ; ಮ್ಯೂನಿಕ್‌ನಲ್ಲಿರುವ ಅಣ್ಣನ ಸಂಸಾರವೂ ಬೆಂಗಳೂರಿನಿಂದ ಹೊರಟ ನಾವೂ ಒಂದೇ ಸೂರಿನಡಿ ಇರಬೇಕು, ಅಮ್ಮ ತನಗೆ ಬೇಕಾದ ಹೊತ್ತಿಗೆ ಎದ್ದು ಕಾಫಿ ಸೋಸಿಕೊಳ್ಳುವಂತಿರಬೇಕು, ರಾತ್ರಿ ಒಂದು ಸಾರು-ಅನ್ನವಾಗಬೇಕು ಎಂಬುದು ನಮ್ಮ ಆಸೆಯಾಗಿತ್ತು. ಎಷ್ಟು ದುಬಾರಿಯ ಹೋಟೆಲಾದರೂ ಈ ಸೌಕರ್ಯವನ್ನು ಕೊಡಲಾರದು.

ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ಎಲ್ಲಿ ತಂಗುತ್ತೇವೆ ಎಂಬುದಕ್ಕೆ ಪುರಾವೆ ಕೊಡಬೇಕು, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯನ್ನೂ ಮಾಡಿಸಬೇಕು. ವೀಸಾ ಕೈಸೇರುವ ಮೊದಲೇ ಮನೆ ಕಾದಿರಿಸಬೇಕಾಗುವುದರಿಂದ, ಬೇಡವೆಂದರೆ ಹಣ ಹಿಂತಿರುಗಿಸುವ ಷರತ್ತಿರುವ ಮನೆಗಳನ್ನಷ್ಟೇ ಅಣ್ಣ ನೋಡಿದ. 2025ರಿಂದ ಇಟಲಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪ್ರತಿ ಮನೆಯ ಜಾಹೀರಾತಿನಲ್ಲೂ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ ಇರಲೇಬೇಕು; ಆ ಸಂಖ್ಯೆಯಿಲ್ಲದ ಎರಡು ಮನೆಗಳನ್ನು, ಎಷ್ಟೇ ಚೆನ್ನಾಗಿದ್ದರೂ, ಕೈಬಿಟ್ಟೆವು. ಕೊನೆಗೆ ಮನಸ್ಸಿಗೆ ಬಂದದ್ದು ಸ್ಯಾನ್ ಪೋಲೊ ವಿಭಾಗದ ಹಳೆಯ ಮಹಲೊಂದರ ‘ಪಿಯಾನೊ ನೊಬಿಲೆ’. ಹಿಂದೆ ವೆನಿಸ್‌ನ ವರ್ತಕರು ಕಾಲುವೆಗೆ ಬಾಗಿಲು ತೆರೆದ ನೆಲಮಟ್ಟವನ್ನು ಸರಕಿನ ಉಗ್ರಾಣವಾಗಿ ಬಳಸಿ, ಮೇಲಿನ ಎತ್ತರದ ಚಾವಣಿಯ ಅಂತಸ್ತಿನಲ್ಲಿ ತಾವು ಬಾಳುತ್ತಿದ್ದರು. ಆ ಅಂತಸ್ತಿಗೆ ಈ ಹೆಸರು. ಕಾಲುವೆಯ ಕಡೆಯಿಂದ ಹಿಂದಿನ ಅಂಗಳದವರೆಗೆ ಮನೆಯ ನಡುವೆ ಹಾಯುವ ಉದ್ದನೆಯ ಹಜಾರವನ್ನು ‘ಪೋರ್ತೆಗೊ’ ಎನ್ನುತ್ತಾರೆ. ಚಿತ್ರಗಳಲ್ಲಿ ಮುರಾನೊ ಗಾಜಿನ ತೂಗುದೀಪವನ್ನೂ ಕಮಾನು ಕಿಟಕಿಗಳನ್ನೂ ನೋಡಿ ನಾವು ಮಾರುಹೋದೆವು.

ಚಿತ್ರಗಳು ತೋರಿಸದೆ ಬಿಟ್ಟದ್ದು ಮೆಟ್ಟಿಲುಗಳನ್ನು. ‘ದೋಣಿ ನಿಲ್ದಾಣದಿಂದ ಐದು ನಿಮಿಷ’ ಎಂದು ಮಧ್ಯವರ್ತಿ ಸಂಸ್ಥೆ ಬರೆದದ್ದು ಸುಳ್ಳಲ್ಲ. ಆದರೆ ಆ ಐದು ನಿಮಿಷದಲ್ಲಿ ಎರಡು ಕಲ್ಲಿನ ಸೇತುವೆಗಳಿದ್ದವು, ಎರಡಕ್ಕೂ ಹತ್ತಿ ಇಳಿಯುವ ಮೆಟ್ಟಿಲುಗಳಿದ್ದವು, ಮಹಲಿನೊಳಗೆ ಲಿಫ್ಟ್ ಇಲ್ಲದೆ ನಲವತ್ತೊಂದು ಮೆಟ್ಟಿಲುಗಳಿದ್ದವು. ಮಂಡಿನೋವಿರುವ ಅಮ್ಮ ಪ್ರತಿ ಮೆಟ್ಟಿಲಿಗೂ ಎರಡೂ ಪಾದಗಳನ್ನಿಟ್ಟು ಏರಿದರು. ನಮ್ಮೊಡನೆ ವಯಸ್ಸಾದವರಿದ್ದಾರೆಂದು ನಾವು ಎರಡು ಸಲ ಬರೆದು ತಿಳಿಸಿದ್ದೆವು. ಅದಕ್ಕೆ ಬಂದ ಉತ್ತರದಲ್ಲಿ ಹಾಸಿಗೆಯ ಹೊದಿಕೆಗಳ ವರ್ಣನೆಯಿತ್ತೇ ಹೊರತು ಮೆಟ್ಟಿಲಿನ ಮಾತಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ವೆನಿಸ್‌ನಲ್ಲಿ ಮನೆ ಹಿಡಿಯುವವರು ಮೂರು ಸಂಗತಿಗಳನ್ನು ಬರಹದಲ್ಲೇ ಕೇಳಿ ಪಡೆಯಬೇಕು: ನಿಲ್ದಾಣದಿಂದ ಮನೆಗೆ ಎಷ್ಟು ಸೇತುವೆ, ಮನೆಯೊಳಗೆ ಎಷ್ಟು ಮೆಟ್ಟಿಲು, ಕಾಲುವೆಯ ಕಡೆಯ ಬಾಗಿಲಿಗೆ ಬಾಡಿಗೆ ದೋಣಿ ಬಂದು ನಿಲ್ಲಬಹುದೇ. ವಿಳಾಸವನ್ನು ನೆಚ್ಚಿಕೊಳ್ಳುವಂತಿಲ್ಲ, ಅಲ್ಲಿ ಬೀದಿಗೊಂದು ಸರಣಿಯ ಬದಲು ಇಡೀ ವಿಭಾಗಕ್ಕೆ ಒಂದೇ ಸರಣಿಯಲ್ಲಿ ಮನೆಸಂಖ್ಯೆಗಳಿದ್ದು, ಪಕ್ಕದ ಓಣಿಗೆ ತಿರುಗಿದರೆ ಸಂಖ್ಯೆ ನೂರಾರು ಮುಂದೆ ಹೋಗಿರುತ್ತದೆ.

ನಗರದ ನೋಟಗಳ ಬಗ್ಗೆ ಹೆಚ್ಚು ಬರೆಯಲಾರೆ. ಸೇಂಟ್ ಮಾರ್ಕ್ ಚೌಕದ ಜನಜಂಗುಳಿ ನನಗೆ ಹಿಡಿಸಲಿಲ್ಲ. ಮುರಾನೊ ದ್ವೀಪದಲ್ಲಿ ಅರ್ಧ ದಿನ ಕಳೆಯಿತು. ಮನಸ್ಸಿಗೆ ಹತ್ತಿದ್ದು ರಿಯಾಲ್ಟೊ ಸೇತುವೆಯ ಬಳಿಯ ತರಕಾರಿ ಮಾರುಕಟ್ಟೆ. ನವೆಂಬರ್ ತಿಂಗಳಾದ್ದರಿಂದ ತ್ರೆವಿಸೊ ಕಡೆಯ ಕಡುಗೆಂಪು ರದಿಕ್ಕಿಯೊ ಸೊಪ್ಪೂ, ಮೈತುಂಬ ಗಂಟುಗಂಟಾಗಿದ್ದ ಕಿಯೋಜ್ಜಾ ಊರಿನ ಕುಂಬಳಕಾಯಿಯೂ ಬಂದಿದ್ದವು. ಅಮ್ಮ ಆ ಕುಂಬಳಕಾಯಿಯಿಂದ ಮಾಡಿದ ಹುಳಿಯ ರುಚಿಗೆ ಆ ಊರಿನ ಯಾವ ಭೋಜನಶಾಲೆಯೂ ಸಾಟಿಯಾಗಲಿಲ್ಲ. ಚಿತ್ರಾನ್ನಕ್ಕೆಂದು ನಿಂಬೆಹಣ್ಣನ್ನೂ ಅಲ್ಲಿಂದಲೇ ತಂದೆವು.

ಆ ಸಂಜೆ ಒಂದು ನಿಂಬೆಹಣ್ಣು ಅಮ್ಮನ ಕೈಜಾರಿ ಬಿದ್ದು, ಹಜಾರದ ಉದ್ದಕ್ಕೂ ನಿಧಾನವಾಗಿ ಉರುಳುತ್ತ ಹೋಗಿ ಕಾಲುವೆಯ ಕಿಟಕಿಯ ಕೆಳಗೆ ನಿಂತಿತು. ಅಣ್ಣನ ಮಕ್ಕಳು ಅದನ್ನು ಮತ್ತೆ ಮತ್ತೆ ತಂದು ಉರುಳಿಸಿದರು. ಪ್ರತಿ ಸಲವೂ ಅದು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಕಣ್ಣಿಗೆ ಸಮತಟ್ಟಾಗಿ, ಬಣ್ಣಬಣ್ಣದ ಕಲ್ಲುಚೂರುಗಳಿಂದ ಕನ್ನಡಿಯಂತೆ ಹೊಳೆಯುತ್ತಿದ್ದ ಆ ನೆಲ ವಾಲಿದೆಯೆಂದು ನಮಗೆ ತಿಳಿದದ್ದು ಆಗಲೇ.

ಮರುದಿನ ಬೆಳಿಗ್ಗೆ ಹಾಸಿಗೆಯ ಬಟ್ಟೆ ಬದಲಿಸಲು ಮನೆ ನೋಡಿಕೊಳ್ಳುವ ಹೆಂಗಸು ಬಂದಾಗ ಅಮ್ಮ ಹಜಾರದ ಮೇಜಿನ ಬಳಿ ಕುಳಿತು ನಿಂಬೆಹಣ್ಣು ಹಿಂಡುತ್ತಿದ್ದರು. ಅರವತ್ತರ ಆಸುಪಾಸಿನ ಆಕೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಿಬಂದು, ಮಂಡಿಯೂರಿ ಕುಳಿತು, ನೆಲಕ್ಕೆ ಬಿದ್ದಿದ್ದ ಹನಿಗಳನ್ನು ಒರೆಸಿದರು. ಅಮ್ಮನಿಗೆ ಬಹಳ ಸಂಕೋಚವಾಯಿತು. ಆದರೆ ಆಕೆಯ ಮುಖದಲ್ಲಿ ಕೋಪವಿರಲಿಲ್ಲ, ಗಾಬರಿಯಿತ್ತು. ಈ ನೆಲ ಸುಣ್ಣ ಮತ್ತು ಅಮೃತಶಿಲೆಯ ಚೂರುಗಳದ್ದು, ಹುಳಿ ತಾಗಿದರೆ ತಿಂದುಹೋಗುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೊಡನೆ ಅಮ್ಮ, “ನಮ್ಮ ತೀರ್ಥಹಳ್ಳಿ ಮನೆಯ ಕೆಂಪು ನೆಲದ ಮೇಲೆ ಹುಣಸೆ ರಸ ಚೆಲ್ಲಿದರೆ ಅತ್ತೆಯವರು ದಿನವಿಡೀ ಬೈಯುತ್ತಿದ್ದರು ಅಂತ ಹೇಳು ಇವರಿಗೆ” ಎಂದರು.

ಅಲ್ಲಿಂದ ಮಾತು ಬೆಳೆಯಿತು. ಆಕೆಯ ಅಜ್ಜ ಫ್ರಿಯುಲಿ ಸೀಮೆಯ ಸ್ಪಿಲಿಂಬೆರ್ಗೊದಿಂದ ಬಂದವರಂತೆ. 1922ರಿಂದ ಮೊಸಾಯಿಕ್ ಕಲೆಯ ಶಾಲೆಯೊಂದು ನಡೆಯುತ್ತಿರುವ ಊರದು. ಅಜ್ಜನೂ ಅಪ್ಪನೂ ಇಂಥ ನೆಲ ಹಾಕುವ ಕೆಲಸದವರೇ. ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿ ಹಾಸಿ, ಅದರ ಮೇಲೆ ಕಲ್ಲುಚೂರು ಬಿತ್ತಿ, ಭಾರದ ಉರುಳೆಯಿಂದ ಒತ್ತಿ, ಒಣಗಿದ ಮೇಲೆ ಉಜ್ಜುಕಲ್ಲಿನಿಂದ ನಯ ಮಾಡಿ, ಕೊನೆಗೆ ಅಗಸೆ ಎಣ್ಣೆ ಕುಡಿಸುವುದನ್ನು ಆಕೆ ಕೈಗಳಲ್ಲೇ ಅಭಿನಯಿಸಿ ತೋರಿಸಿದರು. ಅಗಸೆ ಎಣ್ಣೆ ಎಂದೊಡನೆ ಅಮ್ಮ, ತಾವು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದುದನ್ನು ಅಂಗೈಯನ್ನು ಮೇಜಿನ ಮೇಲೆ ಆಡಿಸಿ ತೋರಿಸಿದರು. ನೆಲ ಏಕೆ ವಾಲಿದೆ ಎಂದು ಮಕ್ಕಳು ಕೇಳಿದರು. ಈ ಊರಿನ ಮನೆಗಳು ಕೆಸರಿಗೆ ಹೊಡೆದ ಮರದ ಕಂಬಗಳ ಮೇಲೆ ನಿಂತಿವೆ, ಗಾಳಿಯಾಡದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ, ಆದರೂ ಗೋಡೆಗಳು ಸ್ವಲ್ಪಸ್ವಲ್ಪವೇ ಕುಸಿಯುತ್ತವೆ ಎಂದು ಆಕೆ ವಿವರಿಸಿದರು. “ದೊಡ್ಡ ಚಪ್ಪಡಿ ಹಾಸಿದ್ದರೆ ಬಿರುಕು ಬಿಡುತ್ತಿತ್ತು. ಈ ನೆಲ ಮನೆಯ ಜೊತೆಯಲ್ಲೇ ಬಾಗುತ್ತದೆ.”

ಅಮ್ಮ ಕೇಳಿದರು: “ನಿಮ್ಮ ಮನೆಯಲ್ಲೂ ಇಂಥದೇ ನೆಲವಿದೆಯಾ?”

ಇತ್ತು ಎಂದರು ಆಕೆ. ಹುಟ್ಟಿದ ಮನೆ ಇಲ್ಲಿಂದ ಮೂರು ಸೇತುವೆಯಾಚೆ. ಅಲ್ಲಿ ಬಾಡಿಗೆಗಿದ್ದರು, ನೆಲ ಅಪ್ಪನೇ ಹಾಕಿದ್ದು. ಮಾಲೀಕರು ಅದನ್ನು ಪ್ರವಾಸಿಗರಿಗೆ ಕೊಡತೊಡಗಿದ ಮೇಲೆ ಈಗ ನೀರಿನಾಚೆ ಒಳನಾಡಿನ ಮೆಸ್ತ್ರೆಯಲ್ಲಿ ಫ್ಲ್ಯಾಟ್‌ನಲ್ಲಿದ್ದಾರೆ. ದಿನಾ ಬೆಳಿಗ್ಗೆ ಸಮುದ್ರದ ಹಿನ್ನೀರಿನ ಮೇಲಿನ, ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್ ಉದ್ದದ ಸೇತುವೆ ದಾಟಿ ಬಸ್ಸಿನಲ್ಲಿ ಕೆಲಸಕ್ಕೆ ಬರುತ್ತಾರೆ. “ಅಲ್ಲಿ ಈಗ ಯಾರಿದ್ದಾರೆ?” ಎಂದು ಅಮ್ಮ ಕೇಳಿದರು. ಅದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಬಾಯಿ ಬರಲಿಲ್ಲ. ಆದರೆ ಅಮ್ಮ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ತಿರುಗಿಸಿದೆ. ಆಕೆ ಸೌಮ್ಯವಾಗಿಯೇ, “ನಿಮ್ಮ ಹಾಗೆ ನಾಲ್ಕು ದಿನಕ್ಕೆ ಬರುವವರು” ಎಂದರು.

1951ರಲ್ಲಿ ಈ ಹಳೆಯ ದ್ವೀಪನಗರದಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. ಈಗ 50,000ಕ್ಕೂ ಕಡಿಮೆ. ಈ ಅಂಕಿಗಳನ್ನು ಮನೆ ಹುಡುಕುತ್ತಿದ್ದಾಗಲೇ ನಾನು ಓದಿದ್ದೆ. ಓದಿಯೂ ಆರು ತಿಂಗಳ ಕಾಲ ತೂಗುದೀಪಗಳನ್ನೂ ಕಿಟಕಿಗಳನ್ನೂ ಹೋಲಿಸಿ ನೋಡುತ್ತಿದ್ದೆ. ಆ ರಾತ್ರಿ ಅಮ್ಮ ಬಹಳ ಹೊತ್ತು ಮಲಗಲಿಲ್ಲ. “ಅಪ್ಪ ಹಾಕಿದ ನೆಲವನ್ನು ಬೇರೆ ಯಾರೋ ಒರೆಸುತ್ತಾರಲ್ಲ” ಎಂದು ಒಮ್ಮೆ ಹೇಳಿ ಸುಮ್ಮನಾದರು.

ಹೊರಡುವ ದಿನ ನೋಡಿದರೆ, ನಿಂಬೆರಸದ ಒಂದು ಹನಿ ಬಿದ್ದಿದ್ದ ಕಡೆ ರೂಪಾಯಿ ನಾಣ್ಯದಷ್ಟು ಜಾಗ ಮಂಕಾಗಿತ್ತು. ಮುಂಗಡ ಹಣದಲ್ಲಿ ಅದಕ್ಕೆಂದು ಹಿಡಿದುಕೊಳ್ಳಲಿ ಎಂದು ನಾನೇ ಅದನ್ನು ಆಕೆಗೆ ತೋರಿಸಿದೆ. ಆಕೆ ತಪಾಸಣೆಯ ಹಾಳೆಯಲ್ಲಿ ಏನನ್ನೂ ಬರೆಯಲಿಲ್ಲ. ಚೀಲದಿಂದ ಸಣ್ಣ ಸೀಸೆಯನ್ನೂ ಹಳೆಯ ಉಣ್ಣೆಬಟ್ಟೆಯನ್ನೂ ತೆಗೆದು, ಎರಡು ಹನಿ ಅಗಸೆ ಎಣ್ಣೆ ಸುರಿದು ಸುತ್ತಿ ಸುತ್ತಿ ಉಜ್ಜತೊಡಗಿದರು. ಕೆಳಗೆ ಅಣ್ಣ ಗೊತ್ತುಮಾಡಿದ್ದ ದೋಣಿ ನೀರಬಾಗಿಲಿಗೆ ಬಂದು ನಿಂತಿತ್ತು. ಅಮ್ಮ ಕುರ್ಚಿಯನ್ನು ಆಕೆಯ ಪಕ್ಕಕ್ಕೆ ಎಳೆದುಕೊಂಡು ಕುಳಿತು, ಬಟ್ಟೆಗಾಗಿ ಕೈಚಾಚಿದರು.