ಕಾಟಾದ ಹುಡುಗನಿಗೆ ಅಡ್ಮಿನ್ ಪಾಸ್‌ವರ್ಡ್ ಯಾಕೆ?

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಭತ್ತದ ಲಾರಿ ಗೇಟಿನೊಳಗೆ ಬಂದಾಗಿನಿಂದ ಸೋನಾ ಮಸೂರಿ ಚೀಲ ಹೊರಗೆ ಹೋಗುವವರೆಗಿನ ಲೆಕ್ಕವೆಲ್ಲ ಅದರಲ್ಲಿದೆ. ನಾನು ಸೇರಿದಾಗ ಅಡ್ಮಿನ್ ಪಾಸ್‌ವರ್ಡ್ ಬರೆದ ಚೀಟಿ ಮಾನಿಟರಿಗೇ ಅಂಟಿಸಿತ್ತು. ಲಾರಿ ತೂಗುವ ಕಾಟಾದ ಹುಡುಗ, ಅಕೌಂಟೆಂಟ್, ಗೋದಾಮಿನ ರೈಟರ್ ಎಲ್ಲರೂ ಅದೇ ಲಾಗಿನ್ನಿನಲ್ಲಿ ಕೆಲಸ ಮಾಡುತ್ತಿದ್ದರು.

ಎಲ್ಲರೂ ನಂಬಿಕೆಯ ಜನ ಅಲ್ವಾ, ಏನಾಯಿತು ಅಂತ ಕೇಳಬಹುದು. ನಂಬಿಕೆಯ ಜನರೇ. ಆದರೆ ಒಂದು ಲಾರಿಯ ತೂಕ ಆಮೇಲೆ ಬದಲಾಗಿದ್ದರೆ ಡೇಟಾಬೇಸ್ ಹೇಳುವುದು ಇಷ್ಟೇ: ಅಡ್ಮಿನ್ ಬದಲಾಯಿಸಿದ್ದು. ಯಾವ ಅಡ್ಮಿನ್? ಅನುಮಾನ ಮೊದಲು ಹೋಗುವುದು ಸಂಬಳ ಕಮ್ಮಿ ಇರುವವನ ಮೇಲೆ. ನನಗೆ ಸಹಿಸಲು ಆಗದ್ದು ಅದು. ಅದಕ್ಕೇ ಒಬ್ಬೊಬ್ಬರಿಗೂ ಅವರವರ ಹೆಸರಿನ ಲಾಗಿನ್ ಮಾಡಿದೆ. ಕೆಲಸಕ್ಕೆ ತಕ್ಕಂತೆ ರೋಲ್, ಅಂದರೆ ಹಕ್ಕುಗಳ ಗುಂಪು ಮಾಡಿ, ಬೇಕಾದಷ್ಟು ಹಕ್ಕನ್ನು ಮಾತ್ರ ಗ್ರ್ಯಾಂಟ್ ಮಾಡಿದೆ. ಯಾರಾದರೂ ಕೆಲಸ ಬಿಟ್ಟರೆ ಅದೇ ದಿನ ರಿವೋಕ್, ಅಂದರೆ ಹಕ್ಕು ವಾಪಸ್.

ಕಾಟಾದ ಕೆಲಸ ನೋಡಿ. ತುಂಬಿದ ಲಾರಿ ಏರುತ್ತದೆ, ಅದು ಗ್ರಾಸ್. ಭತ್ತ ಇಳಿಸಿ ಮತ್ತೆ ಏರುತ್ತದೆ, ಅದು ಟೇರ್. ಕಳೆದರೆ ನೆಟ್. ಚೀಟಿ ಪ್ರಿಂಟ್ ಆಯಿತೆಂದರೆ ಆ ಸಾಲನ್ನು ತಿದ್ದಲು ಆಗದು. ಹೊಸ ಎಂಟ್ರಿ ಹಾಕುವ ಹಕ್ಕಿದೆ, ಓದುವ ಹಕ್ಕಿದೆ, ಹಳೆಯದನ್ನು ಅಪ್‌ಡೇಟ್ ಮಾಡುವ ಹಕ್ಕಿಲ್ಲ. ತಪ್ಪಾಗಿದ್ದರೆ ಕಾರಣ ಬರೆದು ಇನ್ನೊಂದು ಸಾಲು ಹಾಕಬೇಕು.

"ಅಕ್ಕಾ, ನಾ ಬರೆದಿದ್ದು ನಾನೇ ತಿದ್ದಾಕ ಬರಂಗಿಲ್ಲ ಅಂದ್ರ ಹೆಂಗ?" ಅಂತ ಆ ಹುಡುಗ ಮುಖ ಸಣ್ಣ ಮಾಡಿಕೊಂಡ. "ನಾಳೆ ಯಾರರ ನಿನ್ನ ಕಡೆ ಬೆರಳು ಮಾಡಿದ್ರ, ನೀ ತಿದ್ದಿಲ್ಲ ಅಂತ ಡೇಟಾಬೇಸೇ ಹೇಳ್ತೈತಿ" ಅಂದೆ. ಆಮೇಲೆ ಒಪ್ಪಿದ.

ಒಪ್ಪಿದ್ದಷ್ಟೇ ಅಲ್ಲ, ನನಗೆ ಗೊತ್ತೇ ಇಲ್ಲದ ವಿಷಯ ಹೇಳಿಕೊಟ್ಟ. ಗ್ರಾಸ್ ಹಿಡಿಯುವಾಗ ಕ್ಲೀನರ್ ಕ್ಯಾಬಿನ್ನಿನಲ್ಲಿ ಕೂತಿರುತ್ತಾನಂತೆ. ಟೇರ್ ಹಿಡಿಯುವಾಗ ಸುಮ್ನೆ ಕೆಳಗಿಳಿದು ನಿಲ್ಲುತ್ತಾನೆ. ಅವನ ತೂಕ 60 ಕಿಲೋ ಇದ್ದರೆ ನೆಟ್‌ನಲ್ಲಿ ಅಷ್ಟೂ ಭತ್ತ ಜಾಸ್ತಿ! ಡೇಟಾಬೇಸಿನ ನನ್ನ ಟೇಬಲ್ಲಿಗೆ ಅದು ಬರೀ ಸರಿಯಾದ ಸಂಖ್ಯೆ. ಗ್ರಾಸ್‌ಗಿಂತ ಟೇರ್ ಕಮ್ಮಿ ಇರಲೇಬೇಕು ಅಂತ ಚೆಕ್ ಹಾಕಿದ್ದೆ, ಅದೂ ಇದನ್ನು ಹಿಡಿಯದು. ಅದೇ ನಂಬರಿನ ಲಾರಿಯ ಹಳೇ ಟೇರ್‌ಗಳು ಪಕ್ಕದಲ್ಲಿ ಕಂಡರೆ ಸಾಕು ಅಂದ. ಅವಷ್ಟನ್ನೇ ತೋರಿಸುವ ಒಂದು ವ್ಯೂ ಮಾಡಿ ಅವನ ಸ್ಕ್ರೀನಿಗೆ ಕೊಟ್ಟೆ. ಬಳಸುವವರನ್ನು ಬರೀ ಎಂಟ್ರಿ ಹಾಕುವವರು ಅಂದುಕೊಂಡ ಡಿಬಿಎಗೆ, ಅಂದರೆ ನನ್ನಂತೆ ಡೇಟಾಬೇಸ್ ನೋಡಿಕೊಳ್ಳುವವರಿಗೆ, ಇಂಥದ್ದು ಯಾವತ್ತೂ ತಿಳಿಯುವುದಿಲ್ಲ.

ರೈತರ ಬ್ಯಾಂಕ್ ಖಾತೆ ನಂಬರ್ ಕಾಟಾಕ್ಕೆ ಬೇಕಿಲ್ಲ. ಅದು ಅಕೌಂಟೆಂಟಿಗೆ ಮಾತ್ರ ಕಾಣುತ್ತದೆ.

ಕಷ್ಟವಾಗಿದ್ದು ಸಾವ್ಕಾರರ ಜೊತೆ. "ಮಿಲ್ ನಂದೈತಿ, ನನಗ ಎಲ್ಲಾ ಯಾಕ ಕೊಡಂಗಿಲ್ಲಮ್ಮಾ?" ಅಂದರು. "ನಿಮಗ ಎಲ್ಲಾ ಕಾಣ್ತೈತ್ರಿ ಸಾವ್ಕಾರ್ರ, ತಿದ್ದೋ ಹಕ್ಕು ಅಷ್ಟ ಬ್ಯಾಡ್ರಿ" ಅಂದೆ. ನನಗೂ ಅದೇ ನಿಯಮ. ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಆದ ಪೋಸ್ಟ್‌ಗ್ರೆಸ್‌ನಲ್ಲಿ ಸೂಪರ್‌ಯೂಸರ್, ಅಂದರೆ ಎಲ್ಲಾ ಹಕ್ಕಿರುವ ಬಳಕೆದಾರ, ಆಗಿ ಒಳಗೆ ಹೋದರೆ ಯಾವ ಟೇಬಲ್ಲಿನ ಹಕ್ಕಿನ ತಪಾಸಣೆಯೂ ನಡೆಯುವುದಿಲ್ಲ. ಹಾಗಾಗಿ ದಿನದ ಕೆಲಸಕ್ಕೆ ನನಗೆ ಸಾಮಾನ್ಯ ಲಾಗಿನ್. ಸೂಪರ್‌ಯೂಸರ್ ಬೇಕಾದಾಗ ಮಾತ್ರ. ಲಾಗ್ ಫೈಲುಗಳು ನನ್ನ ಕೈಗೆ ಸಿಗದ ಬೇರೆ ಮಷೀನಿಗೆ ಹೋಗುತ್ತವೆ. ಎಲ್ಲರ ಮೇಲೆ ಕಣ್ಣಿಡುವವಳು ತನ್ನದೇ ಗುರುತು ಅಳಿಸುವ ಹಾಗಿದ್ದರೆ ಉಳಿದವರಿಗೆ ನಿಯಮ ಹೇಳುವ ಮುಖ ಎಲ್ಲಿರುತ್ತದೆ?

ಬ್ಯಾಕಪ್ ಪೂರ್ತಿ ಡಿಬಿಎಯ ಹೊಣೆ, ಇದರಲ್ಲಿ ಎರಡು ಮಾತಿಲ್ಲ. 2017ರ ಜನವರಿ 31ರಂದು ಸಾಫ್ಟ್‌ವೇರ್ ಕೋಡ್ ಇಡುವ ಗಿಟ್‌ಲ್ಯಾಬ್ ಅನ್ನೋ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ಇನ್ನೊಂದು ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸಿನ ಫೈಲುಗಳನ್ನೇ ಅಳಿಸಿಬಿಟ್ಟರು. ಬ್ಯಾಕಪ್ ವ್ಯವಸ್ಥೆ ಹಲವು ಥರದ್ದಿತ್ತು, ಆದರೆ ಹೊತ್ತಿಗೆ ನೆಚ್ಚಿಕೊಳ್ಳುವಂತೆ ಯಾವುದೂ ಇರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮುಂಚೆ ಕೈಯಾರೆ ತೆಗೆದ ಒಂದು ಪ್ರತಿ ಸಿಕ್ಕಿತು. ಆ ಆರು ಗಂಟೆಯ ಡೇಟಾ ಹೋಯಿತು. ನವೆಂಬರ್, ಡಿಸೆಂಬರ್ ಸುಗ್ಗಿಯಲ್ಲಿ ನಮ್ಮ ಗೇಟಿನ ಮುಂದೆ ಲಾರಿ ಸಾಲು ನಿಂತಿರುವಾಗ ಆರು ಗಂಟೆ ಅಂದರೆ ಎಷ್ಟು ರೈತರ ದುಡ್ಡು!

ಹಾಗಾಗಿ ಬ್ಯಾಕಪ್ ತೆಗೆದು ಸುಮ್ಮನಿರುವುದಿಲ್ಲ. ಒಂದು ಹಳೇ ಕಂಪ್ಯೂಟರಿನಲ್ಲಿ ಅದನ್ನು ರೀಸ್ಟೋರ್ ಮಾಡಿ ನೋಡುತ್ತೇನೆ. ಸಾಲುಗಳ ಲೆಕ್ಕ ಸರಿಯಿದೆಯಾ ಅಂತ ನನಗೆ ಗೊತ್ತಾಗುತ್ತದೆ. ತೂಕ ಸರಿಯಿದೆಯಾ ಅಂತ ಹೇಳಬೇಕಾದವನು ಕಾಟಾದ ಹುಡುಗನೇ. ಚೀಟಿಗಳ ಕಾರ್ಬನ್ ಪ್ರತಿ ಹಿಡಿದು ಅವನು ಒಂದೊಂದಾಗಿ ತಾಳೆ ನೋಡುತ್ತಾನೆ. ಈ ಸುಗ್ಗಿಗೆ ಮುಂಚೆ ಗೋದಾಮಿನ ಲೆಕ್ಕಕ್ಕೂ ಹೀಗೇ ಮಾಡಬೇಕು. ಅದಕ್ಕೆ ರೈಟರ್ ಒಂದು ಭಾನುವಾರ ಬಿಡುವು ಮಾಡಿಕೊಳ್ಳಬೇಕು. ಕೇಳಿದ್ದೇನೆ, ನೋಡೋಣ ಅಂದಿದ್ದಾರೆ.