ಚಕ್ಕಡಿನೂ ಇಲ್ಲಲ್ರೀ ಟೀಚರ್

ನಾನು ತುಮಕೂರು ಕಡೆಯವಳು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಬಂದ ಹೊಸತರಲ್ಲಿ ಒಂದು ವಿಷಯ ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ಮಕ್ಕಳು ಪಾಠವನ್ನು ಸರಾಗವಾಗಿ ಓದುತ್ತಿದ್ದರು. ‘ರಾಜ ಎಲ್ಲಿಗೆ ಹೋದ?’ ಅಂದರೆ ಬೆರಳು ನೇರ ಆ ಸಾಲಿಗೇ ಓಡುತ್ತಿತ್ತು. ‘ಯಾರಿಗೂ ಹೇಳದೆ ಯಾಕೆ ಹೋದ?’ ಅಂದರೆ ಎಲ್ಲರೂ ಗಪ್‌ಚಿಪ್. ಕೊನೆಗೆ ಒಬ್ಬ ಎದ್ದು, “ಅದು ಪುಸ್ತಕದಾಗ ಇಲ್ರೀ ಟೀಚರ್” ಅಂದ.

ಇದೇ ಮಕ್ಕಳು ಒಗ್ಗರಣೆ ವಾಸನೆ ಹಿಡಿದು ಬಿಸಿಯೂಟಕ್ಕೆ ಏನು ಅಂತ ಹೇಳಿಬಿಡುತ್ತಾರೆ. ನನ್ನ ಕೈಯಲ್ಲಿನ ಕಾಗದದ ಕಟ್ಟು ನೋಡಿದರೆ ಸಾಕು, ಟೆಸ್ಟ್ ಅಂತ ಮುಖ ಸಣ್ಣದು ಮಾಡುತ್ತಾರೆ. ಊಹೆ ಇವರಿಗೆ ಹೊಸದೇನಲ್ಲ. ಪುಸ್ತಕ ತೆರೆದಾಗ ಮಾತ್ರ ಊಹಿಸಬಾರದು ಅಂತ ನಾವೇ ಅಭ್ಯಾಸ ಮಾಡಿಸಿದ್ದೇವೆ, ಅಲ್ವಾ? ಅಮೆರಿಕದಲ್ಲಿ ಡೊಲೋರೆಸ್ ಡರ್ಕಿನ್ ಅನ್ನುವ ಸಂಶೋಧಕಿ 1970ರ ದಶಕದ ಕೊನೆಯಲ್ಲಿ ತರಗತಿಗಳಲ್ಲಿ ಕೂತು ಗಮನಿಸಿದ್ದರಂತೆ. ಶಿಕ್ಷಕರು ಪ್ರಶ್ನೆ ಕೇಳಿ ಕೇಳಿ ಪರೀಕ್ಷೆ ಮಾಡುತ್ತಾರೆ, ಓದಿದ್ದನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಅಂತ ಕಲಿಸುವುದು ತೀರಾ ಕಡಿಮೆ ಅಂತ ಅವರು ಬರೆದದ್ದು ಓದಿ ನಾಚಿಕೆಯಾಯಿತು. ನನ್ನ ತರಗತಿಯಲ್ಲೇ ಕೂತು ಬರೆದ ಹಾಗಿತ್ತು.

ಸಣ್ಣದರಿಂದ ಶುರು ಮಾಡಿದೆ. ‘ಬಾಗಿಲು ತೆರೆದಳು. ನೋಡಿ ನಕ್ಕ.’ ಎಷ್ಟು ಜನ? ಹೆಸರಿಲ್ಲ, ಅವನು ಅವಳು ಅಂತಲೂ ಇಲ್ಲ. ಆದರೂ ಇಬ್ಬರು ಅಂತ ಕ್ರಿಯಾಪದಗಳ ಕೊನೆಯ ‘ಅಳು’, ‘ಅ’ ಹೇಳುತ್ತವೆ. ಆಮೇಲೆ ‘ಇವತ್ತೂ ಸಾರೇ’ ಅಂತ ಬರೆದೆ. “ನಿನ್ನಿನೂ ಅದೇ ಇತ್ರೀ” ಅಂದ ಒಬ್ಬ. “ಬ್ಯಾಸರ ಆಗ್ಯದ್ರೀ” ಅಂದಳು ಇನ್ನೊಬ್ಬಳು. ಎರಡು ಪದದಲ್ಲಿ ಇಷ್ಟು! ನಮ್ಮ ಭಾಷೆಯಲ್ಲಿ ಒಂದು ದೀರ್ಘ ಎಷ್ಟು ಕೆಲಸ ಮಾಡುತ್ತದೆ ಅಂತ ನನಗೂ ಅವತ್ತೇ ಹೊಳೆದದ್ದು.

ದೀಪಾವಳಿ ಕಳೆದ ಮೇಲೆ ನಾನೇ ನಾಲ್ಕು ಸಾಲು ಬರೆದು ಬೋರ್ಡಿಗೆ ಹಾಕಿದೆ:

ಗೋದಲಿ ಖಾಲಿ. ಅಂಗಳದಲ್ಲಿ ಚಕ್ಕಡಿ ಇಲ್ಲ. ಗೂಟಕ್ಕೆ ಪಾಟಿಚೀಲ ತೂಗುಬಿದ್ದಿದೆ. ಅಜ್ಜಿ ಒಬ್ಬಳೇ ಕಟ್ಟೆಯ ಮೇಲೆ ಕೂತು ಅರ್ಧ ಚೀಲ ಜೋಳ ಹಸನು ಮಾಡುತ್ತಿದ್ದಾಳೆ.

ಗೋದಲಿ ಅಂದರೆ ದನಕ್ಕೆ ಮೇವು ಹಾಕುವ ಜಾಗ, ಚಕ್ಕಡಿ ಅಂದರೆ ಎತ್ತಿನ ಗಾಡಿ, ಪಾಟಿಚೀಲ ಅಂದರೆ ಶಾಲೆಯ ಚೀಲ. ಏನಾಗಿದೆ? ನನ್ನ ಮನಸ್ಸಿನಲ್ಲಿ ಉತ್ತರ ಸಿದ್ಧವಿತ್ತು: ಬರ ಬಿದ್ದಿದೆ, ಎತ್ತು ಮಾರಿದ್ದಾರೆ. ಒಬ್ಬ ಹುಡುಗ “ದೆವ್ವ ಬಂದದ್ರೀ” ಅಂದ. ಯಾವ ಸಾಲು ಹಾಗೆ ಹೇಳಿತು, ಬೆರಳಿಡು ಅಂದೆ. ಬೆರಳಿಡಲು ಜಾಗ ಸಿಗದೆ ನಕ್ಕು ಕೂತ. ಇದೊಂದೇ ನನ್ನ ನಿಯಮ. ಏನು ಬೇಕಾದರೂ ಊಹಿಸಿ, ಬೆರಳು ಮಾತ್ರ ಸಾಲಿನ ಮೇಲಿರಲಿ. ಬೋರ್ಡಿನಲ್ಲಿ ಎರಡು ಕಡೆ ಬರೆಯುತ್ತೇವೆ. ಎಡಕ್ಕೆ ‘ಬರಹ ಹೇಳಿದ್ದು’, ಬಲಕ್ಕೆ ‘ನನಗೆ ಗೊತ್ತಿದ್ದದ್ದು’.

ನಾನೇ ಮುಂದಾಗಿ ಎತ್ತು ಮಾರಿದ ಕಥೆ ಹೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಒಪ್ಪಲಿಲ್ಲ. “ಎತ್ತ ಮಾರಿದ್ರ ಚಕ್ಕಡಿ ಇರ್ತಿತ್ತು. ಚಕ್ಕಡಿನೂ ಇಲ್ಲಲ್ರೀ ಟೀಚರ್. ಕಬ್ಬು ಕಡ್ಯಾಕ ಹೋಗ್ಯಾರ.” ಚಕ್ಕಡಿಯನ್ನು ನಾನು ಸುಮ್ನೆ ಸೇರಿಸಿದ್ದೆ, ಸಾಲು ತುಂಬಲಿ ಅಂತ. ಬರೆದವಳಿಗೇ ಕಾಣದ್ದು ಅವಳಿಗೆ ಕಂಡಿತ್ತು. ತುಮಕೂರಿನವಳ ಬಲಗಡೆ ಖಾಲಿ, ಅವಳ ಬಲಗಡೆ ಭರ್ತಿ.

“ಪಾಟಿಚೀಲ ಇಲ್ಲೇ ಅದ ಅಂದ್ರ ಹುಡುಗನ್ನೂ ಕರ್ಕೊಂಡು ಹೋಗ್ಯಾರ್ರೀ” ಅಂದ ಇನ್ನೊಬ್ಬ. ಆಮೇಲೆ ಯಾರೂ ಮಾತಾಡಲಿಲ್ಲ. ನಮ್ಮ ತರಗತಿಯಲ್ಲೇ ಆ ವಾರ ಮೂವರು ಗುಳೆ ಹೋಗಿದ್ದರು.

ಆ ಮೂವರಲ್ಲಿ ಒಬ್ಬ ಶಿವರಾತ್ರಿ ಮುಗಿದ ಮೇಲೆ ವಾಪಸ್ ಬಂದ. ಬಿಸಿಲಿಗೆ ಕಪ್ಪಾಗಿದ್ದ, ಅಂಗೈಯಲ್ಲಿ ಗೀರುಗಳಿದ್ದವು. ತಪ್ಪಿದ ಪಾಠಗಳ ಜೊತೆ ಆ ನಾಲ್ಕು ಸಾಲನ್ನೂ ಓದಲು ಕೊಟ್ಟೆ. ಗುಳೆ ಹೋದದ್ದು ಅವನಿಗೆ ಹೇಳಬೇಕಾದ ವಿಷಯವೇ ಅನ್ನಿಸಲಿಲ್ಲ. ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು.

“ಅಜ್ಜಿ ಒಬ್ಬಾಕಿಗೆ ಅರ್ಧ ಚೀಲ ಜ್ವಾಳ ಯಾಕ ಬೇಕ್ರೀ? ಅವರು ಬರೋರು ಅದಾರ್ರೀ.”